ಎಲ್ಲ ಅಧಿಕಾರ ಕೊಟ್ಟರೂ ‘ಅನುಮತಿ ಇಲ್ಲ’ ಎನ್ನುವ ಡೇಟಾಬೇಸ್

ಈ ಸಲದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಸಂಕಟದವು: ಅಡ್ಮಿನ್ ಖಾತೆ ಇದೆ, ಅಧಿಕಾರವನ್ನೆಲ್ಲ ಕೊಟ್ಟಾಗಿದೆ, ಆದರೂ ಡೇಟಾಬೇಸ್ ಜಪ್ಪಯ್ಯ ಅಂದರೂ ಜಗ್ಗುತ್ತಿಲ್ಲ. ಇಂಥ ಹೊತ್ತಿನಲ್ಲಿ ಕೈ ಮೊದಲು ಹೋಗುವುದು ಅಧಿಕಾರ ಕೊಡುವ ‘ಗ್ರಾಂಟ್’ ಕಮಾಂಡಿನತ್ತ. ದಯವಿಟ್ಟು ಸ್ವಲ್ಪ ತಡೆಯಿರಿ. ಇನ್ನಷ್ಟು ಅಧಿಕಾರ ಸುರಿಯುವ ಮುಂಚೆ, ಸರ್ವರ್ ಸದ್ಯ ನಿಮ್ಮನ್ನು ಯಾರೆಂದು ತಿಳಿದುಕೊಂಡಿದೆ ಎಂಬುದನ್ನು ಅದರಿಂದಲೇ ಹೇಳಿಸಿ. ಕೆಳಗಿನ ಬಹುಪಾಲು ತೊಂದರೆಗಳ ಬೇರು ಅಲ್ಲೇ ಇದೆ.

ಪ್ರಶ್ನೆ: ಮೈಎಸ್‌ಕ್ಯೂಎಲ್‌ನಲ್ಲಿ ‘ಅಡ್ಮಿನ್’ ಎಂಬ ಖಾತೆಗೆ ಎಲ್ಲ ಡೇಟಾಬೇಸುಗಳ ಮೇಲೂ ಪೂರ್ಣ ಅಧಿಕಾರ ಕೊಟ್ಟಿದ್ದೇನೆ. ನನ್ನ ಕಂಪ್ಯೂಟರಿನಿಂದ ಸಲೀಸಾಗಿ ಒಳಗೆ ಹೋಗುತ್ತೇನೆ. ಆದರೆ ಸರ್ವರಿನಲ್ಲೇ ಕುಳಿತು ಪ್ರಯತ್ನಿಸಿದರೆ ಅದೇ ಹೆಸರು, ಅದೇ ಪಾಸ್‌ವರ್ಡಿಗೆ ಪ್ರವೇಶ ನಿರಾಕರಿಸುವ 1045 ದೋಷ ಬರುತ್ತದೆ. ಹೊಸ ಸಹೋದ್ಯೋಗಿಗೆ ಈ ಖಾತೆಯಿಂದ ಅನುಮತಿ ಕೊಡಲೂ ಆಗುತ್ತಿಲ್ಲ. ಅನುಮತಿಗಳನ್ನು ಸರ್ವರಿಗೆ ಹೊಸದಾಗಿ ಓದಿಸುವ ‘ಫ್ಲಷ್ ಪ್ರಿವಿಲೆಜಸ್’ ಕಮಾಂಡನ್ನು ಮತ್ತೆ ಮತ್ತೆ ಕೊಟ್ಟು ಸಾಕಾಯಿತು.

ಉತ್ತರ: ಇಲ್ಲಿ ಎರಡು ಬೇರೆ ಬೇರೆ ಸಮಸ್ಯೆಗಳು ಒಟ್ಟಿಗೆ ಬಂದಿವೆ. ಮೊದಲನೆಯದನ್ನು ನೋಡೋಣ.

ಮೈಎಸ್‌ಕ್ಯೂಎಲ್‌ನಲ್ಲಿ ಖಾತೆ ಎಂದರೆ ಬರಿಯ ಹೆಸರಲ್ಲ, ಹೆಸರು ಮತ್ತು ಅದು ಬರುವ ಜಾಗ ಎರಡೂ ಸೇರಿದ್ದು. ‘ಅಡ್ಮಿನ್@%’ ಮತ್ತು ‘ಅಡ್ಮಿನ್@ಲೋಕಲ್‌ಹೋಸ್ಟ್’ (ಲೋಕಲ್‌ಹೋಸ್ಟ್ ಎಂದರೆ ಸರ್ವರ್ ಇರುವ ಕಂಪ್ಯೂಟರೇ) ಸರ್ವರಿನ ಕಣ್ಣಿಗೆ ಇಬ್ಬರು ಅಪರಿಚಿತರು. ಪಾಸ್‌ವರ್ಡ್ ಬೇರೆ, ಅಧಿಕಾರ ಬೇರೆ. ನೀವು ಅಧಿಕಾರ ಕೊಟ್ಟದ್ದು ಶೇಕಡಾ ಚಿಹ್ನೆಯ ಖಾತೆಗೆ, ಅಂದರೆ ಎಲ್ಲಿಂದ ಬಂದರೂ ಸರಿ ಎನ್ನುವ ಖಾತೆಗೆ. ಆದರೆ ಯಾರಾದರೂ ಸಂಪರ್ಕಿಸಿದಾಗ ಸರ್ವರ್ ಪಟ್ಟಿಯಲ್ಲಿ ಮೊದಲು ನೋಡುವುದು ಜಾಗವನ್ನು ಹೆಚ್ಚು ಖಚಿತವಾಗಿ ಹೇಳುವ ಸಾಲುಗಳನ್ನು. ಹೀಗಾಗಿ ಹಿಂದೆಂದೋ ಬೇರೆ ಪಾಸ್‌ವರ್ಡಿನೊಂದಿಗೆ ಸೃಷ್ಟಿಯಾದ ‘ಅಡ್ಮಿನ್@ಲೋಕಲ್‌ಹೋಸ್ಟ್’ ಅಲ್ಲಿ ಕುಳಿತಿದ್ದರೆ, ನಿಮ್ಮನ್ನು ಅಳೆಯುವುದು ಅದರ ಪಾಸ್‌ವರ್ಡಿನಿಂದ. ಹೊಂದದಿದ್ದರೆ ಅಲ್ಲಿಗೇ ಮುಗಿಯಿತು. ಶೇಕಡಾ ಚಿಹ್ನೆಯ ಸಾಲಿನವರೆಗೆ ಸರ್ವರ್ ಇಳಿಯುವುದೇ ಇಲ್ಲ.

ಇನ್ನೊಂದು ಸಾಧ್ಯತೆ ಇದಕ್ಕಿಂತ ಕಿಲಾಡಿ. ಹಳೆಯ ಆವೃತ್ತಿಗಳಿಂದ ಮೇಲೇರಿಸುತ್ತ ಬಂದ ಸರ್ವರುಗಳಲ್ಲಿ ಹೆಸರೇ ಇಲ್ಲದ, ಖಾಲಿ ಬಳಕೆದಾರನ ‘@ಲೋಕಲ್‌ಹೋಸ್ಟ್’ ಸಾಲೊಂದು ಉಳಿದಿರುವುದುಂಟು. ಜಾಗ ಖಚಿತವಾಗಿರುವುದರಿಂದ ಅದು ‘ಅಡ್ಮಿನ್@%’ಗಿಂತ ಮುಂದೆ ನಿಲ್ಲುತ್ತದೆ. ಹೆಸರು ಖಾಲಿ ಇರುವುದರಿಂದ ಯಾವ ಹೆಸರಿಗೂ ಹೊಂದುತ್ತದೆ. ನೀವು ಅಡ್ಮಿನ್ ಎಂದು ಬಾಗಿಲು ತಟ್ಟಿದರೂ ಸರ್ವರ್ ನಿಮ್ಮನ್ನು ಅನಾಮಿಕ ಎಂದೇ ಬಗೆಯುತ್ತದೆ. ದೋಷದ ಸಂದೇಶ ಮಾತ್ರ ನೀವು ಹೇಳಿಕೊಂಡ ಹೆಸರನ್ನೇ ತೋರಿಸುತ್ತದೆ, ತಾನು ಹೊಂದಿಸಿಕೊಂಡ ಸಾಲನ್ನಲ್ಲ. ಜನ ದಾರಿ ತಪ್ಪುವುದು ಇಲ್ಲಿಯೇ.

ಪತ್ತೆ ಹಚ್ಚುವುದು ಸುಲಭ. ಒಳಗೆ ಹೋಗಲು ಸಾಧ್ಯವಿರುವ ಕಂಪ್ಯೂಟರಿನಿಂದ ‘ಮೈಎಸ್‌ಕ್ಯೂಎಲ್.ಯೂಸರ್’ ಟೇಬಲಿನಲ್ಲಿ ಯೂಸರ್, ಹೋಸ್ಟ್, ಪ್ಲಗಿನ್ ಈ ಮೂರು ಕಾಲಂಗಳನ್ನು ಓದಿ. ಅಡ್ಮಿನ್ ಹೆಸರಿನ ಸಾಲುಗಳೆಷ್ಟು, ಖಾಲಿ ಹೆಸರಿನದ್ದು ಇದೆಯೇ ಎಂಬುದು ಕಾಣುತ್ತದೆ. ಪ್ಲಗಿನ್ ಕಾಲಂ ಅನ್ನೂ ಬಿಡಬೇಡಿ. ಅಲ್ಲಿ ‘ಆಥ್_ಸಾಕೆಟ್’ ಎಂದಿದ್ದರೆ ಆ ಖಾತೆ ಪಾಸ್‌ವರ್ಡನ್ನು ಕೇಳುವುದೇ ಇಲ್ಲ, ಆಪರೇಟಿಂಗ್ ಸಿಸ್ಟಂನಲ್ಲಿ ನೀವು ಯಾರೆಂಬುದನ್ನಷ್ಟೇ ನೋಡುತ್ತದೆ. ಉಬುಂಟುವಿನ ರೂಟ್ ಖಾತೆಯ ಪಾಸ್‌ವರ್ಡ್ ‘ಕೆಲಸ ಮಾಡುತ್ತಿಲ್ಲ’ ಎನ್ನುವ ದೂರುಗಳಿಗೆ ಸಾಮಾನ್ಯವಾಗಿ ಇದೇ ಕಾರಣ. ಒಳಗೆ ಬಿಟ್ಟಿತು, ಆದರೆ ಅಧಿಕಾರ ಇಲ್ಲ ಎಂಬ ಸ್ಥಿತಿಯಿದ್ದರೆ ‘ಯೂಸರ್()’ ಮತ್ತು ‘ಕರೆಂಟ್_ಯೂಸರ್()’ ಎರಡನ್ನೂ ಒಟ್ಟಿಗೆ ಕೇಳಿ. ಮೊದಲನೆಯದು ನೀವು ಹೇಳಿಕೊಂಡದ್ದು, ಎರಡನೆಯದು ಸರ್ವರ್ ಒಪ್ಪಿಕೊಂಡದ್ದು. ಎರಡನೆಯದು ನೀವು ಅಧಿಕಾರ ಕೊಟ್ಟ ಖಾತೆಯಲ್ಲದಿದ್ದರೆ ಉತ್ತರ ಸಿಕ್ಕಿತೆಂದೇ ಲೆಕ್ಕ. ಅನಾಮಿಕ ಸಾಲನ್ನು ‘ಡ್ರಾಪ್ ಯೂಸರ್’ ಮಾಡಿ; ಅದನ್ನು ಉಳಿಸಿಕೊಳ್ಳಲು ಒಳ್ಳೆಯ ಕಾರಣ ಯಾವುದೂ ಇಲ್ಲ.

ಎರಡನೆಯ ಸಮಸ್ಯೆ: ‘ಗ್ರಾಂಟ್ ಆಲ್’ ಎಂದರೆ ಎಲ್ಲವೂ ಅಲ್ಲ. ಬೇರೆಯವರಿಗೆ ಅಧಿಕಾರ ಹಂಚುವ ಅಧಿಕಾರ ಅದರಲ್ಲಿ ಸೇರಿಲ್ಲ. ಕೊನೆಯಲ್ಲಿ ‘ವಿತ್ ಗ್ರಾಂಟ್ ಆಪ್ಷನ್’ ಎಂದು ಪ್ರತ್ಯೇಕವಾಗಿ ಬರೆಯಬೇಕು. ‘ಷೋ ಗ್ರಾಂಟ್ಸ್’ ಕೊಟ್ಟಾಗ ಸಾಲಿನ ತುದಿಯಲ್ಲಿ ಆ ಪದಗಳು ಕಾಣದಿದ್ದರೆ ನಿಮ್ಮ ಅಡ್ಮಿನ್‌ಗೆ ಹಂಚುವ ಹಕ್ಕಿಲ್ಲ.

ಇನ್ನು ‘ಫ್ಲಷ್ ಪ್ರಿವಿಲೆಜಸ್’. ಅದೊಂದು ಮಂತ್ರವಾಗಿಬಿಟ್ಟಿದೆ. ಅನುಮತಿಯ ಟೇಬಲುಗಳನ್ನು ನೀವು ನೇರವಾಗಿ ಅಪ್‌ಡೇಟ್ ಅಥವಾ ಇನ್ಸರ್ಟ್ ಕಮಾಂಡಿನಿಂದ ತಿದ್ದಿದಾಗ ಮಾತ್ರ ಅದು ಬೇಕು, ಹಾಗೆ ತಿದ್ದುವುದೇ ತಪ್ಪು ಪದ್ಧತಿ. ಗ್ರಾಂಟ್, ರಿವೋಕ್ ಬಳಸಿದರೆ ಬದಲಾವಣೆಯನ್ನು ಸರ್ವರ್ ತಾನೇ ಗಮನಿಸುತ್ತದೆ. ಆದರೆ ಒಂದು ವಿಷಯ: ಇಡೀ ಸರ್ವರಿಗೆ ಸಂಬಂಧಿಸಿದ ಅಧಿಕಾರಗಳು ಈಗಾಗಲೇ ತೆರೆದಿರುವ ಸಂಪರ್ಕಗಳಿಗೆ ಅನ್ವಯಿಸುವುದಿಲ್ಲ, ಹೊಸ ಸಂಪರ್ಕಕ್ಕೆ ಮಾತ್ರ. ಆ್ಯಪ್ ತೆರೆದ ಸಂಪರ್ಕಗಳನ್ನು ಮರುಬಳಕೆಗೆಂದು ಪೂಲ್‌ನಲ್ಲಿ ಹಿಡಿದಿಟ್ಟುಕೊಂಡಿದ್ದರೆ, ನೀವು ಇಲ್ಲಿ ಎಷ್ಟೇ ಗ್ರಾಂಟ್ ಮಾಡಿದರೂ ಅದು ಹಳೆಯ ಅಧಿಕಾರದಲ್ಲೇ ಮುಂದುವರಿಯುತ್ತದೆ. ಪೂಲನ್ನು ಮರುಪ್ರಾರಂಭಿಸಿ.

8.0 ಆವೃತ್ತಿಯಲ್ಲಿ ರೋಲ್ (ಹೆಸರಿಟ್ಟ ಅಧಿಕಾರಗಳ ಕಟ್ಟು) ಬಳಸುವವರಿಗೂ ಒಂದು ಮಾತು. ರೋಲ್ ಕೊಟ್ಟ ಮಾತ್ರಕ್ಕೆ ಅದು ಜಾರಿಗೆ ಬರುವುದಿಲ್ಲ. ‘ಸೆಟ್ ಡಿಫಾಲ್ಟ್ ರೋಲ್’ ಮಾಡದಿದ್ದರೆ ಲಾಗಿನ್ ಆದಾಗ ‘ಕರೆಂಟ್_ರೋಲ್()’ ತೋರಿಸುವುದು ‘ನನ್’ (ಯಾವುದೂ ಇಲ್ಲ) ಎಂದೇ.

ಪ್ರಶ್ನೆ: ಪೋಸ್ಟ್‌ಗ್ರೆಸ್‌ನಲ್ಲಿ ‘ಗ್ರಾಂಟ್ ಆಲ್ ಪ್ರಿವಿಲೆಜಸ್ ಆನ್ ಡೇಟಾಬೇಸ್’ ಕೊಟ್ಟೆ. ಸಂಪರ್ಕ ಆಗುತ್ತದೆ, ಟೇಬಲ್ ಓದಲು ಹೋದರೆ ಅನುಮತಿ ನಿರಾಕರಣೆ. ಟೇಬಲುಗಳಿಗೂ ಕೊಟ್ಟೆ, ಸರಿಹೋಯಿತು. ಮಾರನೆಯ ದಿನ ಸೃಷ್ಟಿಯಾದ ಟೇಬಲಿಗೆ ಮತ್ತೆ ಅದೇ ಗೋಳು. ರೋಸಿಹೋಗಿ ಖಾತೆಯನ್ನು ಸೂಪರ್‌ಯೂಸರ್ ಗುಂಪಿಗೆ ಸೇರಿಸಿದರೂ ಪ್ರಯೋಜನವಾಗಲಿಲ್ಲ.

ಉತ್ತರ: ಪೋಸ್ಟ್‌ಗ್ರೆಸ್‌ನಲ್ಲಿ ಡೇಟಾಬೇಸ್ ಮೇಲಿನ ‘ಎಲ್ಲ’ ಅಧಿಕಾರ ಎಂದರೆ ಮೂರೇ ಮೂರು: ಸಂಪರ್ಕಿಸುವುದು, ಒಳಗೆ ಹೊಸ ಸ್ಕೀಮಾ (ಟೇಬಲುಗಳನ್ನಿಡುವ ಕೋಣೆ) ಸೃಷ್ಟಿಸುವುದು, ತಾತ್ಕಾಲಿಕ ಟೇಬಲ್ ಮಾಡಿಕೊಳ್ಳುವುದು. ಅದು ಕಟ್ಟಡದ ಮುಖ್ಯ ಬಾಗಿಲಿನ ಕೀಲಿ ಮಾತ್ರ. ಸ್ಕೀಮಾದೊಳಗೆ ಕಾಲಿಡಲು ‘ಯೂಸೇಜ್’ ಬೇಕು, ಟೇಬಲ್ ಮುಟ್ಟಲು ಆ ಟೇಬಲಿನದೇ ಅನುಮತಿ ಬೇಕು. ತಾನಾಗಿ ಏರುವ ಸಂಖ್ಯೆಯ ಕಾಲಂ ಸೀರಿಯಲ್ ಮಾದರಿಯದಾಗಿದ್ದರೆ ಅದರ ಹಿಂದಿದ್ದು ಸಂಖ್ಯೆ ಒದಗಿಸುವ ಸೀಕ್ವೆನ್ಸಿಗೂ ಪ್ರತ್ಯೇಕ ಅನುಮತಿ ಬೇಕು. ಓದುವುದೆಲ್ಲ ಸರಿಯಾಗಿದ್ದು ಹೊಸ ಸಾಲು ಸೇರಿಸುವಾಗ ಮಾತ್ರ ಎಡವಿದರೆ ಮೊದಲು ಅಲ್ಲಿ ನೋಡಿ.

ಮಾರನೆಯ ದಿನದ ಗೋಳಿಗೆ ಕಾರಣ ಇದು: ‘ಆಲ್ ಟೇಬಲ್ಸ್ ಇನ್ ಸ್ಕೀಮಾ’ ಎಂಬುದು ಆ ಕ್ಷಣದಲ್ಲಿ ಇರುವ ಟೇಬಲುಗಳಿಗೆ ಮಾತ್ರ. ಮುಂದೆ ಹುಟ್ಟುವವುಗಳಿಗೆ ‘ಆಲ್ಟರ್ ಡಿಫಾಲ್ಟ್ ಪ್ರಿವಿಲೆಜಸ್’ ಬೇಕು. ಅದನ್ನು ಕೊಟ್ಟೂ ಸೋತವರು ಬಹಳ ಮಂದಿ, ಏಕೆಂದರೆ ಆ ನಿಯಮ ಅನ್ವಯಿಸುವುದು ಟೇಬಲನ್ನು ಯಾರು ಸೃಷ್ಟಿಸುತ್ತಾರೋ ಅವರಿಗೆ ಸಂಬಂಧಿಸಿದಂತೆ. ಟೇಬಲುಗಳನ್ನು ಸೃಷ್ಟಿಸುವುದು ‘ಡಿಪ್ಲಾಯ್’ ಎಂಬ ಖಾತೆಯಾಗಿದ್ದು ನೀವು ‘ಪೋಸ್ಟ್‌ಗ್ರೆಸ್’ ಖಾತೆಯಿಂದ ನಿಯಮ ಬರೆದರೆ ಅದು ಎಂದಿಗೂ ಜಾರಿಯಾಗುವುದಿಲ್ಲ. ‘ಫಾರ್ ರೋಲ್ ಡಿಪ್ಲಾಯ್’ ಎಂದು ಸೇರಿಸಲೇಬೇಕು.

ಯಾರಿಗೆ ಏನಿದೆ ಎಂದು ನೋಡಲು ಪೋಸ್ಟ್‌ಗ್ರೆಸ್‌ನ ಕಮಾಂಡ್ ಉಪಕರಣವಾದ ಪಿಎಸ್‌ಕ್ಯೂಎಲ್‌ನಲ್ಲಿ ಬ್ಯಾಕ್‌ಸ್ಲ್ಯಾಷ್ ಮತ್ತು ‘ಡಿಪಿ’ ಕೊಡಿ. ಪ್ರತಿ ಟೇಬಲಿನ ಎದುರು ಖಾತೆಯ ಹೆಸರು, ಸಮ ಚಿಹ್ನೆ, ಆಮೇಲೆ ಅಕ್ಷರಗಳ ಒಂದು ಗೊಂಚಲು ಬರುತ್ತದೆ. ಅದರಲ್ಲಿ ಆರ್ ಓದುವುದು, ಎ ಸೇರಿಸುವುದು, ಡಬ್ಲ್ಯು ತಿದ್ದುವುದು, ಚಿಕ್ಕ ಡಿ ಅಳಿಸುವುದು. ಅಕ್ಷರದ ಪಕ್ಕದಲ್ಲಿ ನಕ್ಷತ್ರ ಚಿಹ್ನೆ ಇದ್ದರೆ ಆ ಅಧಿಕಾರವನ್ನು ಬೇರೆಯವರಿಗೂ ಕೊಡಬಹುದು. ಆ ಜಾಗ ಪೂರ್ತಿ ಖಾಲಿ ಕಂಡರೆ ಗಾಬರಿ ಬೇಡ. ಅದರರ್ಥ ಯಾರೂ ಏನನ್ನೂ ಬದಲಿಸಿಲ್ಲ, ಮಾಲೀಕ ಖಾತೆಗೆ ಸಹಜವಾಗಿ ಇರುವ ಅಧಿಕಾರವಷ್ಟೇ ಇದೆ ಎಂದು.

ಮಾಲೀಕತ್ವದ ಮಾತು ಬಂದಿತು. ಟೇಬಲಿನ ರಚನೆಯನ್ನು ಬದಲಿಸುವುದು, ಟೇಬಲನ್ನೇ ತೆಗೆದುಹಾಕುವುದು ಗ್ರಾಂಟ್ ಮೂಲಕ ಕೊಡಬಹುದಾದ ಅಧಿಕಾರಗಳಲ್ಲ. ಅವು ಮಾಲೀಕನಿಗೆ, ಮಾಲೀಕ ರೋಲಿನ ಸದಸ್ಯರಿಗೆ, ಸೂಪರ್‌ಯೂಸರಿಗೆ ಮಾತ್ರ; ತೆಗೆದುಹಾಕುವುದು ಸ್ಕೀಮಾದ ಮಾಲೀಕನಿಗೂ ಸಾಧ್ಯ. ‘ಮಾಲೀಕರಾಗಿರಬೇಕು’ ಎಂಬ ಅರ್ಥದ ದೋಷ ಬಂದಾಗ ಗ್ರಾಂಟ್ ಹಿಂದೆ ಬೀಳದೆ ‘ಆಲ್ಟರ್ ಟೇಬಲ್ ಓನರ್ ಟು’ ಬಳಸಿ.

ಸೂಪರ್‌ಯೂಸರ್ ಗುಂಪಿಗೆ ಸೇರಿಸಿದರೂ ಕೆಲಸ ಆಗದ್ದು ಸಹಜವೇ. ರೋಲಿನ ಸದಸ್ಯನಿಗೆ ಅದರ ಸಾಮಾನ್ಯ ಅನುಮತಿಗಳು ಬಳುವಳಿಯಾಗಿ ಬರುತ್ತವೆ. ಆದರೆ ಸೂಪರ್‌ಯೂಸರ್ ಆಗಿರುವುದು, ಡೇಟಾಬೇಸ್ ಸೃಷ್ಟಿಸುವುದು, ರೋಲ್ ಸೃಷ್ಟಿಸುವುದು ಇಂಥ ಗುಣಲಕ್ಷಣಗಳು ಬರುವುದಿಲ್ಲ. ‘ಸೆಟ್ ರೋಲ್’ ಮಾಡಿ ಆ ವೇಷ ಧರಿಸಿದಾಗ ಮಾತ್ರ ಸಿಗುತ್ತವೆ. ನಿಮ್ಮ ವಿಷಯದಲ್ಲಿ ಅದು ಫಲಿಸದೇ ಇದ್ದದ್ದು ಒಳ್ಳೆಯದೇ ಆಯಿತು ಎನ್ನುತ್ತೇನೆ. ಆ್ಯಪಿನ ಖಾತೆಗೆ ಸೂಪರ್‌ಯೂಸರ್ ಕೊಟ್ಟರೆ ಅನುಮತಿ ತಪಾಸಣೆಯೇ ನಿಂತುಹೋಗುತ್ತದೆ, ತೊಂದರೆ ಎಲ್ಲಿತ್ತೆಂದು ಮುಂದೆ ಎಂದೂ ಗೊತ್ತಾಗುವುದಿಲ್ಲ. ಓದುವುದಷ್ಟೇ ಸಾಕಾಗಿದ್ದರೆ 14ನೇ ಆವೃತ್ತಿಯಿಂದ ‘ಪಿಜಿ_ರೀಡ್_ಆಲ್_ಡೇಟಾ’ ಎಂಬ ಸಿದ್ಧ ರೋಲ್ ಇದೆ.

2022ರಲ್ಲಿ ಬಂದ 15ನೇ ಆವೃತ್ತಿಗೆ ಹೋದ ಮೇಲೆ ‘ಪಬ್ಲಿಕ್’ ಸ್ಕೀಮಾದಲ್ಲಿ ಟೇಬಲ್ ಸೃಷ್ಟಿಸಲಾಗುತ್ತಿಲ್ಲ ಎಂದು ಬೇರೆ ಕೆಲವರು ಬರೆದಿದ್ದಾರೆ. ಅದು ದೋಷವಲ್ಲ. ಹೊಸ ಡೇಟಾಬೇಸುಗಳಲ್ಲಿ ಆ ಸೌಲಭ್ಯವನ್ನು ಎಲ್ಲರಿಗೂ ತೆರೆದಿಡುವುದನ್ನು ಬೇಕೆಂದೇ ನಿಲ್ಲಿಸಲಾಗಿದೆ. ಬೇಕಾದ ಖಾತೆಗೆ ‘ಕ್ರಿಯೇಟ್’ ಅನುಮತಿ ಕೊಡಿ.

ಪ್ರಶ್ನೆ: ಒರಾಕಲ್‌ನಲ್ಲಿ ನನಗೆ ಡಿಬಿಎ (ಡೇಟಾಬೇಸ್ ನಿರ್ವಾಹಕ) ರೋಲ್ ಇದೆ. ಕ್ವೆರಿ ನೇರವಾಗಿ ಓಡಿಸಿದರೆ ಫಲಿತಾಂಶ ಬರುತ್ತದೆ. ಅದೇ ಕ್ವೆರಿಯನ್ನು ಡೇಟಾಬೇಸಿನಲ್ಲೇ ಉಳಿಸಿದ ಪ್ರೊಸೀಜರಿನಲ್ಲಿಟ್ಟರೆ ‘ಟೇಬಲ್ ಅಥವಾ ವ್ಯೂ ಇಲ್ಲ’ ಎನ್ನುತ್ತದೆ. ಟೇಬಲ್ ಕಣ್ಣೆದುರಿಗೇ ಇದೆಯಲ್ಲ!

ಉತ್ತರ: ಟೇಬಲ್ ಇದೆ, ನಿಮ್ಮ ಪ್ರೊಸೀಜರಿಗೆ ಅದನ್ನು ನೋಡುವ ಹಕ್ಕಿಲ್ಲ ಅಷ್ಟೇ. ಹಕ್ಕಿಲ್ಲದವರಿಗೆ ಟೇಬಲ್ ಇದೆಯೆಂಬ ಸುಳಿವನ್ನೂ ಒರಾಕಲ್ ಕೊಡುವುದಿಲ್ಲ. ಪ್ರೊಸೀಜರುಗಳು ಪೂರ್ವನಿಯೋಜಿತವಾಗಿ ಅವುಗಳ ಮಾಲೀಕನ ಹಕ್ಕಿನಲ್ಲಿ ಓಡುತ್ತವೆ, ಹಾಗೆ ಓಡುವಾಗ ರೋಲ್ ಮೂಲಕ ಬಂದ ಅಧಿಕಾರ ಲೆಕ್ಕಕ್ಕೆ ಬರುವುದಿಲ್ಲ. ಖಚಿತಪಡಿಸಿಕೊಳ್ಳಲು ‘ಸೆಟ್ ರೋಲ್ ನನ್’ ಕೊಟ್ಟು ಕ್ವೆರಿಯನ್ನು ಮತ್ತೆ ನೇರವಾಗಿ ಓಡಿಸಿ. ಅದೂ ಸೋತರೆ ಕಾರಣ ಇದೇ. ಆ ಟೇಬಲಿನ ಸೆಲೆಕ್ಟ್ ಅನುಮತಿಯನ್ನು ಪ್ರೊಸೀಜರಿನ ಮಾಲೀಕ ಖಾತೆಗೆ ನೇರವಾಗಿ ಕೊಡಿಸಿ, ಸಾಕು.

ಪ್ರಶ್ನೆ: ಕ್ಲೌಡ್‌ನ ಮೈಎಸ್‌ಕ್ಯೂಎಲ್ ಸೇವೆಗೆ ನಮ್ಮ ಬ್ಯಾಕಪ್ ತುಂಬಿಸುವಾಗ 1227 ದೋಷ ಬರುತ್ತಿದೆ, ಸೂಪರ್ ಅಧಿಕಾರ ಬೇಕೆನ್ನುತ್ತದೆ. ನಾನು ಬಳಸುತ್ತಿರುವುದು ಮಾಸ್ಟರ್ ಖಾತೆಯನ್ನೇ.

ಉತ್ತರ: ಇಂಥ ಸೇವೆಗಳಲ್ಲಿ ನಿಜವಾದ ಸೂಪರ್ ಅಧಿಕಾರವನ್ನು ಕಂಪನಿಗಳು ತಮ್ಮಲ್ಲೇ ಇಟ್ಟುಕೊಳ್ಳುತ್ತವೆ. ಮಾಸ್ಟರ್ ಎಂಬುದು ಹೆಸರಿಗಷ್ಟೇ ಮಾಸ್ಟರ್. ಬ್ಯಾಕಪ್ ಕಡತವನ್ನು ತೆರೆದು ‘ಡಿಫೈನರ್’ ಎಂದು ಹುಡುಕಿ. ವ್ಯೂ, ಟ್ರಿಗರ್, ಪ್ರೊಸೀಜರುಗಳಿಗೆ ಹಳೆಯ ಸರ್ವರಿನ ಖಾತೆಯ ಹೆಸರು ಅಂಟಿಕೊಂಡಿರುತ್ತದೆ. ಬೇರೆಯವರ ಹೆಸರಿನಲ್ಲಿ ಅವನ್ನು ಸೃಷ್ಟಿಸಲು ವಿಶೇಷ ಅಧಿಕಾರ ಬೇಕು. ಆ ಭಾಗವನ್ನು ಅಳಿಸಿ ಅಥವಾ ಮಾಸ್ಟರ್ ಖಾತೆಯ ಹೆಸರಿಗೆ ಬದಲಿಸಿ. ಆಮೇಲೂ ತಕರಾರು ಮುಂದುವರಿದರೆ ವಹಿವಾಟುಗಳ ಗುರುತು ಸಂಖ್ಯೆ ಹೊತ್ತ ‘ಜಿಟಿಐಡಿ_ಪರ್ಜ್ಡ್’ ಸಾಲುಗಳು ಉಳಿದಿರಬಹುದು. ಬ್ಯಾಕಪ್ ತೆಗೆಯುವಾಗಲೇ ಮೈಎಸ್‌ಕ್ಯೂಎಲ್‌ಡಂಪ್‌ನಲ್ಲಿ ಆ ಆಯ್ಕೆಯನ್ನು ‘ಆಫ್’ ಮಾಡಿ.

ಪ್ರಶ್ನೆ: ಎಸ್‌ಕ್ಯೂಎಲ್ ಸರ್ವರಿನ ಏಕೈಕ ಅಡ್ಮಿನ್ ಕೆಲಸ ಬಿಟ್ಟರು. ಅವರ ಲಾಗಿನ್ ನಿಷ್ಕ್ರಿಯವಾಗಿದೆ, ಮೂಲ ಅಡ್ಮಿನ್ ಖಾತೆಯಾದ ‘ಎಸ್‌ಎ’ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ವಿಂಡೋಸ್ ಅಡ್ಮಿನಿಸ್ಟ್ರೇಟರ್ ಆಗಿ ಪ್ರಯತ್ನಿಸಿದರೂ ಲಾಗಿನ್ ವಿಫಲವೆನ್ನುವ 18456 ದೋಷ. ಎಲ್ಲವನ್ನೂ ಹೊಸದಾಗಿ ಇನ್‌ಸ್ಟಾಲ್ ಮಾಡಬೇಕೇ?

ಉತ್ತರ: ಬೇಡವೇ ಬೇಡ. 2008ರ ಆವೃತ್ತಿಯಿಂದ ಈಚೆಗೆ ವಿಂಡೋಸ್ ಅಡ್ಮಿನಿಸ್ಟ್ರೇಟರುಗಳು ತಾವಾಗಿ ‘ಸಿಸ್‌ಅಡ್ಮಿನ್’ (ಸರ್ವರಿನ ಪೂರ್ಣಾಧಿಕಾರಿ) ಆಗುವುದಿಲ್ಲ, ಹಾಗಾಗಿ ನಿಮಗೆ ಬಾಗಿಲು ತೆರೆಯಲಿಲ್ಲ. ಆದರೆ ಸರ್ವರನ್ನು ಒಬ್ಬನೇ ಬಳಕೆದಾರನ ಸ್ಥಿತಿಯಲ್ಲಿ ಆರಂಭಿಸಿದಾಗ ಆ ಗಣಕದ ಅಡ್ಮಿನಿಸ್ಟ್ರೇಟರ್ ಗುಂಪಿನವರಿಗೆ ಸಿಸ್‌ಅಡ್ಮಿನ್ ಹಕ್ಕು ಸಿಗುತ್ತದೆ. ಅದೇ ನಿಮ್ಮ ದಾರಿ.

ಕಚೇರಿಯಲ್ಲಿ ಯಾರೂ ಬಳಸದ ಹೊತ್ತು ಆಯ್ದುಕೊಳ್ಳಿ. ಮೊದಲು ಎಸ್‌ಕ್ಯೂಎಲ್ ಸರ್ವರ್ ಏಜೆಂಟ್ (ನಿಗದಿತ ಕೆಲಸಗಳನ್ನು ತಾನಾಗಿ ನಡೆಸುವ) ಸೇವೆಯನ್ನು ನಿಲ್ಲಿಸಿ. ಇದನ್ನು ಮರೆತರೆ ಇರುವ ಒಂದೇ ಸಂಪರ್ಕವನ್ನು ಅದೇ ಹಾರಿಸಿಕೊಂಡು ಹೋಗುತ್ತದೆ. ಕಾನ್ಫಿಗರೇಷನ್ ಮ್ಯಾನೇಜರಿನಲ್ಲಿ ಆರಂಭದ ಆಯ್ಕೆಗಳಿಗೆ ‘-ಎಂ’ (ಚಿಕ್ಕ ಎಂ) ಸೇರಿಸಿ ಸರ್ವರನ್ನು ಮತ್ತೆ ಚಾಲೂ ಮಾಡಿ. ಆ್ಯಪ್ ನಡುವೆ ನುಗ್ಗುವ ಭಯವಿದ್ದರೆ ‘-ಎಂ’ ಪಕ್ಕದಲ್ಲೇ ಉದ್ಧರಣ ಚಿಹ್ನೆಗಳ ನಡುವೆ ‘ಎಸ್‌ಕ್ಯೂಎಲ್‌ಸಿಎಂಡಿ’ ಎಂದು ಬರೆಯಿರಿ, ಆ ಉಪಕರಣಕ್ಕೆ ಮಾತ್ರ ಪ್ರವೇಶ ಸಿಗುತ್ತದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯುವುದು ಮುಖ್ಯ. ಒಳಗೆ ಹೋಗಿ ನಿಮ್ಮ ವಿಂಡೋಸ್ ಖಾತೆಗೆ ‘ಕ್ರಿಯೇಟ್ ಲಾಗಿನ್’ ಮಾಡಿ, ‘ಆಲ್ಟರ್ ಸರ್ವರ್ ರೋಲ್ ಸಿಸ್‌ಅಡ್ಮಿನ್ ಆ್ಯಡ್ ಮೆಂಬರ್’ ಕೊಡಿ. ಬಳಿಕ ‘-ಎಂ’ ತೆಗೆದು ಸರ್ವರನ್ನು ಮರುಪ್ರಾರಂಭಿಸಿ, ಏಜೆಂಟನ್ನೂ ಎಬ್ಬಿಸಿ.

18456ರ ಬಗ್ಗೆ ಒಂದು ಸಂಗತಿ. ನಿಮ್ಮ ಪರದೆಯಲ್ಲಿ ಅದರ ‘ಸ್ಟೇಟ್’ ಯಾವಾಗಲೂ 1 ಎಂದೇ ಕಾಣುವುದು, ಹೊರಗಿನವರಿಗೆ ಸುಳಿವು ಸಿಗದಿರಲೆಂದು. ನಿಜವಾದ ಸಂಖ್ಯೆ ಸರ್ವರಿನ ಎರರ್ ಲಾಗ್‌ನಲ್ಲಿರುತ್ತದೆ: 5 ಇದ್ದರೆ ಅಂಥ ಲಾಗಿನ್ ಇಲ್ಲ, 8 ಇದ್ದರೆ ಪಾಸ್‌ವರ್ಡ್ ತಪ್ಪು. ಒಳಗೆ ಹೋದ ಮೇಲೆ, ಕೆಲಸ ಬಿಟ್ಟವರ ಲಾಗಿನ್ ಅಳಿಸುವ ಮುನ್ನ, ಯಾವ ಡೇಟಾಬೇಸ್ ಮತ್ತು ಏಜೆಂಟ್ ಜಾಬ್‌ಗಳ ಮಾಲೀಕತ್ವ ಇನ್ನೂ ಅವರ ಹೆಸರಿನಲ್ಲಿದೆ ಎಂದು ನೋಡಿ ಬದಲಿಸಿಕೊಳ್ಳಿ. ಸಿಸ್‌ಅಡ್ಮಿನ್‌ಗೆ ಇನ್ನೊಬ್ಬರನ್ನು ಸೇರಿಸುವ ಕೆಲಸವನ್ನು ಅದೇ ದಿನ ಮುಗಿಸಿ.