ರೈ ಧಾನ್ಯ ಅಂದ್ರೆ ರಾಗಿನಾ? ಅದು ಯಾವ ಕುಟುಂಬದ್ದು, ಎಲ್ಲಿ ಬೆಳೆಯುತ್ತಾರೆ?

ರಾಗಿ ಅಲ್ಲ. ಹಿಂದಿಯವರು 'ರಾಯಿ' ಅನ್ನುವ ಸಾಸಿವೆಯೂ ಅಲ್ಲ.

ರೈ ಗೋಧಿಯ ಹತ್ತಿರದ ನೆಂಟ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸೆಕೇಲ್ ಸಿರಿಯೇಲ್. ಪೋಯೇಸೀ ಅನ್ನುವ ಹುಲ್ಲಿನ ಕುಟುಂಬದಲ್ಲಿ ಗೋಧಿ, ಬಾರ್ಲಿ ಇರುವ ಟ್ರಿಟಿಸೀ ಗುಂಪಿಗೆ ಸೇರುತ್ತದೆ. ರಾಗಿಯೂ ಇದೇ ಕುಟುಂಬದ್ದು, ಆದರೆ ಉಪಕುಟುಂಬ ಬೇರೆ. ದೂರದ ಸಂಬಂಧ ಅನ್ನಿ.

ರೈ ಮೂಲ ಟರ್ಕಿಯ ಸುತ್ತಮುತ್ತ. ಮಜಾ ಏನಂದ್ರೆ, ಮೊದಲು ಇದು ಗೋಧಿ ಹೊಲದ ಕಳೆ. ಕಳೆ ಕೀಳುವಾಗ ಗೋಧಿಯಂತೆಯೇ ಕಾಣುವ ಗಿಡಗಳು ರೈತನ ಕಣ್ಣು ತಪ್ಪಿಸಿ ಉಳಿದುಕೊಂಡವು. ತಲೆಮಾರು ಕಳೆದಂತೆ ಕಾಳೂ ದಪ್ಪವಾಯಿತು. ಬಿತ್ತನೆ ಗೋಧಿಯಲ್ಲಿ ಬೆರೆತು ಉತ್ತರಕ್ಕೆ ಹೋಯಿತು. ಅಲ್ಲಿನ ಕಡು ಚಳಿಗೆ, ಮರಳು ನೆಲಕ್ಕೆ ಗೋಧಿ ಸೋತಿತು, ಕಳೆಯೇ ಬೆಳೆಯಾಯಿತು! ಇದನ್ನು ವಿವರಿಸಿದ್ದು ರಷ್ಯಾದ ವಿಜ್ಞಾನಿ ನಿಕೊಲಾಯ್ ವಾವಿಲೋವ್.

ಈಗ ಜಾಸ್ತಿ ಬೆಳೆಯುವುದು ಜರ್ಮನಿ, ಪೋಲೆಂಡ್, ರಷ್ಯಾ, ಬೆಲಾರುಸ್, ಡೆನ್ಮಾರ್ಕ್ ಕಡೆ. ಅಲ್ಲಿನ ಕಪ್ಪಗಿನ, ಸ್ವಲ್ಪ ಹುಳಿಯಾದ ಬ್ರೆಡ್ಡು ಇದರದ್ದೇ.

ಅಂದ ಹಾಗೆ, ಗೋಧಿಯಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನ್ ರೈಯಲ್ಲೂ ಇದೆ. ಗೋಧಿ ಆಗದವರು ರಾಗಿ ಅಂದುಕೊಂಡು ಸುಮ್ನೆ ತಿಂದುಬಿಡಬೇಡಿ.