ಸಿ ಡ್ರೈವ್ ತುಂಬಿದೆ, ತಂತ್ರಾಂಶಗಳನ್ನು ಡಿ ಡ್ರೈವ್‌ಗೆ ಸಾಗಿಸಬಹುದೇ?

ಪ್ರಶ್ನೆ: ನಾನು ಚಿಕ್ಕದೊಂದು ಡಿಟಿಪಿ ಕೇಂದ್ರ ನಡೆಸುತ್ತಿದ್ದೇನೆ. ವಿಂಡೋಸ್ 11 ಇರುವ ಕಂಪ್ಯೂಟರಿನಲ್ಲಿ ಸಿ ಡ್ರೈವ್ 120 ಜಿಬಿ ಎಸ್‌ಎಸ್‌ಡಿ, ಡಿ ಡ್ರೈವ್ 1 ಟಿಬಿ ಹಾರ್ಡ್ ಡಿಸ್ಕ್. ಸಿ ಡ್ರೈವ್ ಕೆಂಪು ತೋರಿಸುತ್ತಿದೆ. ದೊಡ್ಡ ಫ್ಲೆಕ್ಸ್ ವಿನ್ಯಾಸ ಮಾಡುವಾಗ ಫೋಟೋಶಾಪ್ ‘ಸ್ಕ್ರ್ಯಾಚ್ ಡಿಸ್ಕ್ ತುಂಬಿದೆ’ ಎಂದು ನಿಂತುಬಿಡುತ್ತದೆ. ಪ್ರೋಗ್ರಾಂ ಫೈಲ್ಸ್ ಫೋಲ್ಡರನ್ನೇ ಕಟ್ ಮಾಡಿ ಡಿ ಡ್ರೈವ್‌ನಲ್ಲಿ ಪೇಸ್ಟ್ ಮಾಡಬಹುದೇ? ನುಡಿ ಫಾಂಟುಗಳಿಗೆ ತೊಂದರೆಯಾದೀತೇ?
– ಓದುಗರೊಬ್ಬರು, ಶಿರಸಿ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ತಂತ್ರಾಂಶವೊಂದನ್ನು ಇನ್‌ಸ್ಟಾಲ್ ಮಾಡಿದಾಗ ಅದರ ಕಡತಗಳು ಪ್ರೋಗ್ರಾಂ ಫೈಲ್ಸ್‌ನಲ್ಲಿ ಕುಳಿತರೂ, ಅವು ಎಲ್ಲಿವೆ ಎಂಬ ವಿಳಾಸ ವಿಂಡೋಸ್ ತನ್ನ ವಿವರಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿ ಎಂಬ ದಾಖಲೆಯಲ್ಲಿ ಹತ್ತಾರು ಕಡೆ ದಾಖಲಾಗಿರುತ್ತದೆ. ಸೆಟ್ಟಿಂಗುಗಳು ಆ್ಯಪ್‌ಡೇಟಾ, ಪ್ರೋಗ್ರಾಂಡೇಟಾ ಎಂಬ ಬೇರೆ ಫೋಲ್ಡರುಗಳಲ್ಲಿ ಇರುತ್ತವೆ. ಫೋಲ್ಡರನ್ನಷ್ಟೇ ಎತ್ತಿ ಇಟ್ಟರೆ ಆ ವಿಳಾಸಗಳೆಲ್ಲ ಹಳೆಯ ಜಾಗವನ್ನೇ ತೋರಿಸುತ್ತಿರುತ್ತವೆ. ಶಾರ್ಟ್‌ಕಟ್ ತೆರೆಯದೆ ಹೋಗುವುದು ಸಣ್ಣ ತೊಂದರೆ. ಅಪ್‌ಡೇಟ್ ಆಗದಿರುವುದು, ಅನ್‌ಇನ್‌ಸ್ಟಾಲ್ ಮಾಡಲೂ ಬಾರದಿರುವುದು ದೊಡ್ಡ ತೊಂದರೆ.

ನಿಮ್ಮ ವಿವರಣೆ ನೋಡಿದರೆ ಇಲ್ಲಿ ಜಾಗ ನುಂಗುತ್ತಿರುವುದು ತಂತ್ರಾಂಶಕ್ಕಿಂತ ಹೆಚ್ಚಾಗಿ ಅದು ಕೆಲಸದ ನಡುವೆ ಸೃಷ್ಟಿಸುವ ತಾತ್ಕಾಲಿಕ ಕಡತ. ಚಿತ್ರ ರ್‍ಯಾಮ್‌ನಲ್ಲಿ ಹಿಡಿಸದಿದ್ದಾಗ ಫೋಟೋಶಾಪ್ ಉಳಿದ ಭಾಗವನ್ನು ಡಿಸ್ಕಿನ ಮೇಲೆ ಬರೆಯುತ್ತದೆ (ಸ್ಕ್ರ್ಯಾಚ್ ಡಿಸ್ಕ್ ಎಂದರೆ ಈ ಜಾಗವೇ), ಮತ್ತು ಬೇರೆ ಸೂಚನೆ ಕೊಡದಿದ್ದರೆ ಸಿ ಡ್ರೈವನ್ನೇ ಬಳಸುತ್ತದೆ. ಎಡಿಟ್ ಮೆನುವಿನ ಪ್ರಿಫರೆನ್ಸಸ್‌ನಲ್ಲಿ ಸ್ಕ್ರ್ಯಾಚ್ ಡಿಸ್ಕ್ಸ್ ತೆರೆದು, ಡಿ ಡ್ರೈವ್‌ಗೆ ಗುರುತು ಹಾಕಿ, ಸಿ ಡ್ರೈವ್‌ನ ಗುರುತು ತೆಗೆದು, ಫೋಟೋಶಾಪನ್ನು ಮುಚ್ಚಿ ಮತ್ತೆ ತೆರೆಯಿರಿ. ಡಿ ಡ್ರೈವ್ ಎಸ್‌ಎಸ್‌ಡಿಗಿಂತ ನಿಧಾನವಾದ ಹಾರ್ಡ್ ಡಿಸ್ಕ್ ಆದ್ದರಿಂದ ವೇಗ ಸ್ವಲ್ಪ ತಗ್ಗುತ್ತದೆ, ಆದರೆ ಗಿರಾಕಿ ಎದುರಿಗೆ ಕುಳಿತಿರುವಾಗ ಕೆಲಸ ಅರ್ಧಕ್ಕೆ ನಿಲ್ಲುವುದಿಲ್ಲ.

ಮುಂದಿನ ಹೆಜ್ಜೆಯಾಗಿ ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಫೋಲ್ಡರುಗಳನ್ನು ಸಾಗಿಸಿ. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಲೊಕೇಶನ್ ಎಂಬಲ್ಲಿ ಮೂವ್ ಒತ್ತಿದರೆ ವಿಂಡೋಸ್ ತಾನೇ ಕಡತಗಳನ್ನು ಸಾಗಿಸಿ ವಿಳಾಸವನ್ನೂ ಬದಲಿಸುತ್ತದೆ. ಆದರೆ ಅಲ್ಲಿ ಡಿ ಡ್ರೈವನ್ನೇ ಆರಿಸದೆ ಅದರೊಳಗೆ ಡೌನ್‌ಲೋಡ್ಸ್ ಎಂಬ ಹೊಸ ಫೋಲ್ಡರ್ ಮಾಡಿ ಅದನ್ನು ಆರಿಸಬೇಕು. ಇಲ್ಲವಾದರೆ ಇಡೀ ಡಿ ಡ್ರೈವ್ ಡೌನ್‌ಲೋಡ್ಸ್ ಫೋಲ್ಡರಾಗಿ ಬದಲಾಗಿ ಹಿಂದಕ್ಕೆ ತರುವುದು ತಲೆನೋವಾಗುತ್ತದೆ.

ಇಷ್ಟಾದ ಮೇಲೂ ಜಾಗ ಸಾಲದಿದ್ದರೆ ತಂತ್ರಾಂಶಗಳ ವಿಷಯಕ್ಕೆ ಬನ್ನಿ. ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಪಡೆದವುಗಳಲ್ಲಿ ಹಲವಕ್ಕೆ ಸೆಟ್ಟಿಂಗ್ಸ್‌ನ ಇನ್‌ಸ್ಟಾಲ್ಡ್ ಆ್ಯಪ್ಸ್ ಪಟ್ಟಿಯಲ್ಲೇ ಮೂವ್ ಸೌಲಭ್ಯವಿದೆ. ಉಳಿದವನ್ನು ಅನ್‌ಇನ್‌ಸ್ಟಾಲ್ ಮಾಡಿ, ಮತ್ತೆ ಹಾಕುವಾಗ ಕಸ್ಟಮ್ ಆಯ್ಕೆಯಲ್ಲಿ ಡಿ ಡ್ರೈವ್‌ನ ಫೋಲ್ಡರ್ ಕೊಡುವುದೇ ಸುರಕ್ಷಿತ ದಾರಿ. ಅದಕ್ಕೆ ಮೊದಲು ಪರವಾನಗಿ ಕೀ ಬರೆದಿಟ್ಟುಕೊಂಡಿದ್ದೀರಾ, ಸೆಟಪ್ ಕಡತ ಕೈಯಲ್ಲಿದೆಯೇ ಎಂದು ನೋಡಿಕೊಳ್ಳಿ. ಕ್ರೋಮ್‌ನಂಥ ಕೆಲವು ತಂತ್ರಾಂಶಗಳು ಜಾಗವನ್ನು ಕೇಳುವುದೇ ಇಲ್ಲ. ಅವುಗಳನ್ನು ಸಿ ಡ್ರೈವ್‌ನಲ್ಲೇ ಬಿಡಿ.

ಜಂಕ್ಷನ್ ಎಂಬ ಉಪಾಯವೂ ಒಂದಿದೆ: ಫೋಲ್ಡರನ್ನು ಡಿ ಡ್ರೈವ್‌ಗೆ ಕಾಪಿ ಮಾಡಿ, ಹಳೆಯದರ ಹೆಸರು ಬದಲಿಸಿ, ಆ ಜಾಗದಲ್ಲಿ ‘ಎಂಕೆಲಿಂಕ್’ (mklink) ಆದೇಶದಿಂದ ಹೊಸ ಜಾಗಕ್ಕೆ ಕೊಂಡಿ ಹಾಕುವುದು. ತಂತ್ರಾಂಶಕ್ಕೆ ತಾನಿನ್ನೂ ಸಿ ಡ್ರೈವ್‌ನಲ್ಲೇ ಇದ್ದೇನೆ ಎಂಬ ಭಾವನೆ ಉಳಿಯುತ್ತದೆ. ಎರಡೂ ಡ್ರೈವ್ ಎನ್‌ಟಿಎಫ್‌ಎಸ್ (ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ವಿಂಡೋಸ್‌ನ ವಿಧಾನ) ಆಗಿರುವುದು ಒಳ್ಳೆಯದು. ಹೆಸರು ಬದಲಿಸಿದ ಹಳೆಯ ಫೋಲ್ಡರನ್ನು ಕೆಲವು ದಿನ ಕೆಲಸ ಮಾಡಿ ನೋಡಿದ ಮೇಲೆಯೇ ಅಳಿಸಿ. ಆಂಟಿವೈರಸ್, ಆಫೀಸ್, ವಿಂಡೋಸ್ ಫೋಲ್ಡರುಗಳ ಮೇಲೆ ಈ ಪ್ರಯೋಗ ಬೇಡ. ನನ್ನ ಮಟ್ಟಿಗೆ ಇದು ಸೆಟಪ್ ಕಡತವೇ ಸಿಗದ ಹಳೆಯ ತಂತ್ರಾಂಶಕ್ಕೆ ಮಾತ್ರ ಉಳಿದಿರುವ ಮಾರ್ಗ.

ನುಡಿ ಫಾಂಟುಗಳ ಚಿಂತೆ ಬೇಡ. ಅವು ಸಾಮಾನ್ಯವಾಗಿ ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಲ್ಲಿ ಇರುತ್ತವೆ, ಹೆಚ್ಚು ಜಾಗವನ್ನೂ ಹಿಡಿಯುವುದಿಲ್ಲ. ಆದರೂ ಯಾವುದನ್ನಾದರೂ ಅನ್‌ಇನ್‌ಸ್ಟಾಲ್ ಮಾಡುವ ಮುನ್ನ ಅವುಗಳ ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಹಳೆಯ ಲಗ್ನಪತ್ರಿಕೆಯ ಕಡತ ತೆರೆದಾಗ ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಬಂದರೆ, ಆ ಕಡತಕ್ಕೆ ಬೇಕಾದ ಫಾಂಟ್ ಕಾಣೆಯಾಗಿದೆ ಎಂದೇ ತಿಳಿದು ಅದನ್ನು ಮರಳಿ ಹಾಕಬಹುದು.