ಅರೇ ಪ್ರಾಪರ್ಟಿಗೆ ಇಂಡೆಕ್ಸ್ ಮಾಡಿದರೂ ಹುಡುಕಾಟ ನಿಧಾನವೇಕೆ?

ಪ್ರಶ್ನೆ: ನಮ್ಮ ನಿಯೋ4ಜೆ ಗ್ರಾಫ್ ಡೇಟಾಬೇಸ್‌ನಲ್ಲಿ (ಮಾಹಿತಿಯನ್ನು ನೋಡ್‌ಗಳೆಂಬ ಬಿಂದುಗಳಾಗಿ, ಅವುಗಳ ನಡುವಿನ ಸಂಬಂಧಗಳಾಗಿ ಇಡುವಂಥದ್ದು) ಸುಮಾರು ಹತ್ತು ಲಕ್ಷ ಲೇಖನಗಳ ನೋಡ್‌ಗಳಿವೆ. ಪ್ರತಿಯೊಂದರಲ್ಲೂ ‘ವಿಷಯಗಳು’ ಎಂಬ ಅರೇ ಪ್ರಾಪರ್ಟಿ, ಅಂದರೆ ಪಟ್ಟಿಯ ರೂಪದ ಗುಣ, ಅದರೊಳಗೆ ಐದಾರು ಪದಗಳು. ಹುಡುಕಾಟ ಬೇಗವಾಗಲೆಂದು ಅದಕ್ಕೆ ಇಂಡೆಕ್ಸ್ ಮಾಡಿದ್ದೇನೆ. ಆದರೂ ‘ನದಿ’ ಎಂಬ ಪದವಿರುವ ಲೇಖನಗಳನ್ನು ಕೇಳಿದರೆ ಮೊದಲಿನಷ್ಟೇ ಹೊತ್ತು ಹಿಡಿಯುತ್ತದೆ. ಇಂಡೆಕ್ಸ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ನೀವು ಹುಡುಕುತ್ತಿರುವುದು ಅದರಲ್ಲಿ ದಾಖಲೇ ಆಗಿಲ್ಲ. ಪುಸ್ತಕದ ಕೊನೆಯ ಪದಸೂಚಿಯಲ್ಲಿ ‘ಕಾಡು, ನದಿ, ಮಳೆ’ ಎಂದು ಮೂರನ್ನೂ ಸೇರಿಸಿ ಒಂದೇ ನಮೂದು ಮಾಡಿದ್ದಾರೆ ಎಂದುಕೊಳ್ಳಿ. ಅದು ‘ಕ’ ಅಕ್ಷರದ ಕೆಳಗೆ ಕೂತಿರುತ್ತದೆ. ‘ನ’ ತೆರೆದು ನದಿಯನ್ನು ಹುಡುಕಿದವರಿಗೆ ಏನೂ ಸಿಗುವುದಿಲ್ಲ. ಪದಸೂಚಿಯನ್ನು ಮೊದಲಿನಿಂದ ಕೊನೆಯವರೆಗೆ ಓದಲೇಬೇಕು. ನಿಯೋ4ಜೆಯ ರೇಂಜ್ ಇಂಡೆಕ್ಸ್ (ಸಾಮಾನ್ಯವಾಗಿ ಮಾಡುವ ಇಂಡೆಕ್ಸ್ ಇದೇ) ಅರೇಯನ್ನು ಹೀಗೆಯೇ ಇಡಿಯಾಗಿ ಒಂದು ಮೌಲ್ಯವೆಂದು ಬರೆದಿಟ್ಟುಕೊಳ್ಳುತ್ತದೆ. ಇಡೀ ಅರೇಯನ್ನು ಅದೇ ಕ್ರಮದಲ್ಲಿ ಕೊಟ್ಟು ‘ಇದಕ್ಕೆ ಸಮವಾದದ್ದು ಯಾವುದು’ ಎಂದು ಕೇಳಿದರೆ ಥಟ್ಟನೆ ಹೇಳುತ್ತದೆ. ಪದಗಳ ಕ್ರಮ ಬದಲಾದರೆ ಅದು ಬೇರೆಯೇ ಮೌಲ್ಯ.

ಗೊಂದಲಕ್ಕೆ ಇನ್ನೊಂದು ಕಾರಣ, ನಿಯೋ4ಜೆಗೆ ಪ್ರಶ್ನೆ ಕೇಳುವ ಸೈಫರ್ ಭಾಷೆಯ ‘ಇನ್’, ಅಂದರೆ ‘ಇದರೊಳಗೆ ಇದೆಯೇ’ ಎಂದು ಕೇಳುವ ಪದ. ಪ್ರಾಪರ್ಟಿ ಎಡಗಡೆ, ನೀವು ಕೊಡುವ ಪಟ್ಟಿ ಬಲಗಡೆ ಇದ್ದರೆ ಇಂಡೆಕ್ಸ್ ಕೆಲಸಕ್ಕೆ ಬರುತ್ತದೆ. ಪದ ಎಡಕ್ಕೆ, ಅರೇ ಪ್ರಾಪರ್ಟಿ ಬಲಕ್ಕೆ ಹೋದರೆ ಬರುವುದಿಲ್ಲ. ‘ಪಟ್ಟಿಯಲ್ಲಿ ಯಾವುದಾದರೊಂದು ಹೊಂದುತ್ತದೆಯೇ’ ಎಂದು ಕೇಳುವ ‘ಎನಿ’ ಬಳಸಿ ಬರೆದರೂ ಅಷ್ಟೇ. ಕ್ವೆರಿಯ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯ) ಮುಂದೆ, ಅದು ಹೇಗೆ ನಡೆಯಿತೆಂದು ತೋರಿಸುವ ‘ಪ್ರೊಫೈಲ್’ ಪದವನ್ನು ಸೇರಿಸಿ ಓಡಿಸಿ ನೋಡಿ: ಇಂಡೆಕ್ಸ್‌ನಿಂದ ನೇರವಾಗಿ ಹುಡುಕುವ ‘ನೋಡ್ ಇಂಡೆಕ್ಸ್ ಸೀಕ್’ ಇರಬೇಕಾದ ಜಾಗದಲ್ಲಿ, ಒಂದೇ ಲೇಬಲ್ (ನೋಡ್‌ನ ಬಗೆಯ ಹೆಸರು) ಇರುವ ಎಲ್ಲವನ್ನೂ ಓದುವ ‘ನೋಡ್ ಬೈ ಲೇಬಲ್ ಸ್ಕ್ಯಾನ್’, ಅದರ ಮೇಲೊಂದು ಫಿಲ್ಟರ್ ಕಾಣಿಸುತ್ತದೆ. ಅಂದರೆ ಹತ್ತು ಲಕ್ಷ ನೋಡ್‌ಗಳನ್ನೂ ಮುಟ್ಟಿ ಬಂದಿದೆ.

ಅರೇಯ ಪ್ರತಿ ಅಂಶವೂ ತಾನೇ ಇಂಡೆಕ್ಸ್ ಆಗುತ್ತದೆ ಎಂಬ ಹಳೆಯ ಸಲಹೆ ನಿಮ್ಮ ಕಣ್ಣಿಗೆ ಬಿದ್ದಿರಬಹುದು. 2013ರಲ್ಲಿ ನಿಯೋ4ಜೆಯ 2.0 ಆವೃತ್ತಿ ಬರುವ ಮೊದಲಿನ, ಲ್ಯೂಸೀನ್ ಎಂಬ ಹುಡುಕಾಟದ ತಂತ್ರಾಂಶ ಬಳಸುತ್ತಿದ್ದ ಇಂಡೆಕ್ಸ್‌ಗಳ ಮಟ್ಟಿಗೆ ಅದು ನಿಜ. ಮಾಂಗೋಡಿಬಿ ಎಂಬ ಬೇರೊಂದು ಡೇಟಾಬೇಸ್‌ನ ಮಲ್ಟಿಕೀ ಇಂಡೆಕ್ಸ್ ಇವತ್ತಿಗೂ ಹಾಗೆಯೇ ಮಾಡುತ್ತದೆ. ಆ ನಿರೀಕ್ಷೆಯನ್ನು ಇಲ್ಲಿಗೆ ತರಬೇಡಿ.

ನನ್ನ ಸಲಹೆ ಒಂದೇ: ಪದವನ್ನು ಅರೇಯಿಂದ ಹೊರತೆಗೆದು ನೋಡ್ ಮಾಡಿ. ಹುಡುಕಾಟ ಯಾವುದರಿಂದ ಶುರುವಾಗುತ್ತದೆಯೋ ಅದಕ್ಕೆ ಗ್ರಾಫ್‌ನಲ್ಲಿ ಸ್ವಂತ ಜಾಗ ಬೇಕು. ‘ವಿಷಯ’ ಎಂಬ ಲೇಬಲ್ ಇಟ್ಟು, ಅದರ ಹೆಸರಿನ ಪ್ರಾಪರ್ಟಿಗೆ ಮೊದಲು ಯುನೀಕ್ ಕನ್‌ಸ್ಟ್ರೇಂಟ್ (ಒಂದೇ ಹೆಸರು ಎರಡು ಸಲ ಬರಬಾರದೆಂಬ ನಿಯಮ) ಹಾಕಿ. ಇಂಡೆಕ್ಸ್ ಅದರ ಜೊತೆಗೇ ಬರುತ್ತದೆ. ಈ ಹೆಜ್ಜೆಯನ್ನು ಬಿಟ್ಟು ಮುಂದೆ ಹೋದರೆ ಪ್ರತಿ ‘ಮರ್ಜ್’ (ನೋಡ್ ಇದ್ದರೆ ಅದನ್ನೇ ಬಳಸಿ, ಇಲ್ಲದಿದ್ದರೆ ಹೊಸದು ಮಾಡುವ ಆಜ್ಞೆ) ಕೂಡ ಆ ಲೇಬಲ್‌ನ ನೋಡ್‌ಗಳನ್ನೆಲ್ಲ ತಡಕಾಡುತ್ತದೆ. ಆಮೇಲೆ ‘ಅನ್‌ವೈಂಡ್’ ಆಜ್ಞೆಯಿಂದ ಅರೇಯನ್ನು ಬಿಡಿಬಿಡಿ ಪದಗಳಾಗಿ ಬಿಡಿಸಿ, ಪ್ರತಿ ಪದಕ್ಕೂ ‘ಮರ್ಜ್’ ಮಾಡಿ, ಲೇಖನದಿಂದ ಸಂಬಂಧ ಎಳೆಯಿರಿ. ಹತ್ತು ಲಕ್ಷವನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ, ಅಂದರೆ ಒಂದೇ ಏಟಿಗೆ ಉಳಿಯುವ ಬದಲಾವಣೆಯಾಗಿ, ಮುಗಿಸಲು ಹೋದರೆ ಮೆಮೊರಿ ಸಾಲದೆ ನಿಂತುಬಿಡಬಹುದು. ಹತ್ತು ಸಾವಿರದಂತೆ ಕಂತು ಮಾಡಿ. ಪದಗಳ ಹಿಂದೆಮುಂದೆ ಉಳಿದ ಖಾಲಿ ಜಾಗವನ್ನು ಈಗಲೇ ಕತ್ತರಿಸಿ. ಇಲ್ಲವಾದರೆ ನೋಡಲು ಒಂದೇ ತರಹದ ಎರಡು ‘ನದಿ’ಗಳು ಹುಟ್ಟುತ್ತವೆ, ಅವನ್ನು ಆಮೇಲೆ ಒಂದುಗೂಡಿಸುವುದು ನಿಜಕ್ಕೂ ಬೇಸರದ ಕೆಲಸ.

ಇದರಿಂದ ವೇಗವೊಂದೇ ಅಲ್ಲ, ನದಿಯ ಜೊತೆಗೆ ಹೆಚ್ಚಾಗಿ ಬರುವ ವಿಷಯಗಳು ಯಾವುವು ಎಂಬಂಥ ಪ್ರಶ್ನೆಗಳೂ ಎರಡು ಹೆಜ್ಜೆಯ ನಡಿಗೆಯಾಗುತ್ತವೆ. ಎರಡು ವಿಷಯಗಳೂ ಇರುವ ಲೇಖನ ಬೇಕಾದಾಗ ಅಪರೂಪದ ವಿಷಯದಿಂದ ಹೊರಡುವುದು ಜಾಣತನ. ಲಕ್ಷಗಟ್ಟಲೆ ಸಂಬಂಧಗಳಿರುವ ನೋಡ್‌ನಿಂದ ಹೊರಟರೆ ಮತ್ತೆ ನಿಧಾನವೇ.

ಡೇಟಾದ ಮಾದರಿ ಬದಲಿಸುವ ಅಧಿಕಾರ ನಿಮಗಿಲ್ಲದಿದ್ದರೆ, ಪಠ್ಯದ ಒಳಗಿನ ಪದಗಳನ್ನು ಹುಡುಕುವ ಪೂರ್ಣಪಠ್ಯ ಇಂಡೆಕ್ಸ್ ಇದೆ. ನಿಯೋ4ಜೆ 5ರ ಸರಣಿಯ ಈಚಿನ ಆವೃತ್ತಿಗಳಲ್ಲಿ ಅದು ಸ್ಟ್ರಿಂಗ್‌ಗಳ (ಪಠ್ಯದ ತುಣುಕುಗಳ) ಅರೇಯನ್ನೂ ಸ್ವೀಕರಿಸುತ್ತದೆ. ಆದರೆ ಸಾಮಾನ್ಯ ‘ಇನ್’ ಕ್ವೆರಿ ಅದನ್ನು ಬಳಸಿಕೊಳ್ಳುವುದಿಲ್ಲ, ಪ್ರೊಸೀಜರ್ (ಹೆಸರಿಟ್ಟು ಕರೆಯುವ ಸಿದ್ಧ ಕಾರ್ಯ) ಮೂಲಕವೇ ಕರೆಯಬೇಕು. ಜೊತೆಗೆ ಪಠ್ಯವನ್ನು ಪದಗಳಾಗಿ ಬಿಡಿಸುವ ಅದರ ಭಾಗವಾದ ಅನಲೈಸರ್ ‘ನದಿ ಜೋಡಣೆ’ಯನ್ನು ಎರಡು ಪದಗಳಾಗಿ ಒಡೆದು, ನೀವು ಕೇಳದ ಲೇಖನಗಳನ್ನೂ ತಂದು ಹಾಕಬಹುದು.

ಹಳೆಯ ಅರೇಯನ್ನು ಅವಸರದಲ್ಲಿ ಅಳಿಸಬೇಡಿ. ಹತ್ತಿಪ್ಪತ್ತು ಪದಗಳಿಗೆ ಎರಡೂ ದಾರಿಯಲ್ಲಿ ಎಣಿಕೆ ತೆಗೆದು, ತಾಳೆಯಾದ ಮೇಲೆ ಪ್ರಾಪರ್ಟಿಯನ್ನು ತೆಗೆಯಿರಿ. ಅದರ ಇಂಡೆಕ್ಸನ್ನು ಮಾತ್ರ ಇವತ್ತೇ ತೆಗೆಯಬಹುದು: ಓದುವಾಗ ನೆರವಾಗದೆ, ಲೇಖನದ ವಿಷಯಗಳು ಬದಲಾದಾಗಲೆಲ್ಲ ಅದು ನಿಮ್ಮ ಸಮಯವನ್ನು ತಿನ್ನುತ್ತಿದೆ.